ಒಂದು ಅಂಕದ ಉತ್ತರ, ಒಂದು ಹಿಡಿ ಅರಗು

ಭಾರತದಲ್ಲಿ ಗ್ರಾಮಫೋನ್ ಪ್ಲೇಟಿಗೆ ಮೊದಲು ಹಾಡಿದವರು ಯಾರು? ಗೌಹರ್ ಜಾನ್.
ಕನ್ನಡದ ಮೊದಲ ವಾಕ್ಚಿತ್ರ ಯಾವುದು? ಸತಿ ಸುಲೋಚನಾ.
ಗೊಂಬೆಗಳ ಊರು ಎಂದು ಯಾವುದನ್ನು ಕರೆಯುತ್ತಾರೆ? ಚನ್ನಪಟ್ಟಣ.
ಮತದಾರರ ಬೆರಳಿಗೆ ಹಚ್ಚುವ ಶಾಯಿ ಎಲ್ಲಿ ತಯಾರಾಗುತ್ತದೆ? ಮೈಸೂರು.

ಪಿಡಿಒ, ಪೊಲೀಸ್ ಕಾನ್‌ಸ್ಟೆಬಲ್, ಗ್ರಾಮ ಆಡಳಿತ ಅಧಿಕಾರಿ ಪರೀಕ್ಷೆಗೆ ಓದುತ್ತಿರುವವರು ಈ ನಾಲ್ಕನ್ನೂ ನಿದ್ದೆಗಣ್ಣಲ್ಲೇ ಹೇಳುತ್ತಾರೆ. ಒಂದೊಂದಕ್ಕೆ ಒಂದು ಅಂಕ. ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಮೊದಲನೆಯದು ಸಂಗೀತದ ಪಾಠದಲ್ಲಿ, ಎರಡನೆಯದು ಸಿನಿಮಾ ಪಾಠದಲ್ಲಿ, ಮೂರನೆಯದು ಪ್ರಸಿದ್ಧ ಸ್ಥಳಗಳ ಪಟ್ಟಿಯಲ್ಲಿ, ನಾಲ್ಕನೆಯದು ದಿನಬಳಕೆಯ ವಸ್ತುಗಳ ಪಟ್ಟಿಯಲ್ಲಿ ಇರುತ್ತದೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇದೆ ಎಂದು ಯಾರಿಗೂ ಅನ್ನಿಸುವುದಿಲ್ಲ.

ಆದರೆ ಸಂಬಂಧ ಇದೆ. ಈ ನಾಲ್ಕೂ ಕಥೆಗಳ ಒಳಗೆ ಅರಗು ಬಂದು ಹೋಗುತ್ತದೆ. ಹೌದು, ಅಂಚೆ ಕಚೇರಿಯಲ್ಲಿ ಕರಗಿಸಿ ಮುದ್ರೆ ಒತ್ತುವ ಅದೇ ಕೆಂಪು ಅರಗು.

ಕನ್ನಡದಲ್ಲಿ 'ಅರಗು' ಎಂಬ ಮಾತಿಗೆ ಎರಡು ಅರ್ಥ. ಒಂದು ಆ ಅಂಟು ವಸ್ತು. ಇನ್ನೊಂದು, ತಿಂದದ್ದು ಜೀರ್ಣವಾಗುವುದು. ಸಾಮಾನ್ಯ ಜ್ಞಾನಕ್ಕೂ ಈ ಎರಡನೆಯ ಅರ್ಥ ಬೇಕು. ಬಾಯಿಪಾಠ ಮಾಡಿದ್ದು ಪರೀಕ್ಷೆ ಮುಗಿದ ವಾರಕ್ಕೆ ಮರೆತು ಹೋಗುತ್ತದೆ, ಅರಗಿಸಿಕೊಂಡದ್ದು ಉಳಿಯುತ್ತದೆ. ಹಾಗಾಗಿ ಇವತ್ತು ಈ ನಾಲ್ಕು ಉತ್ತರಗಳನ್ನು ನಾವು ಸ್ವಲ್ಪ ನಿಧಾನವಾಗಿ ಅರಗಿಸಿಕೊಳ್ಳೋಣ.

ಅರಗು ಬರುವುದು ಎಲ್ಲಿಂದ?

ಅರಗು ಎಂದ ತಕ್ಷಣ ನಮ್ಮ ಕಡೆ ನೆನಪಾಗುವುದು ಮಹಾಭಾರತದ ಅರಗಿನ ಮನೆ. ದುರ್ಯೋಧನನ ಮಾತಿನಂತೆ ಪುರೋಚನ ವಾರಣಾವತದಲ್ಲಿ ಕಟ್ಟಿಸಿದ ಮನೆ. ಬಯಲಾಟ, ಯಕ್ಷಗಾನ ನೋಡಿದ ಎಲ್ಲರಿಗೂ ಗೊತ್ತಿರುವ ಕಥೆ. ಅರಗಿನಿಂದಲೇ ಯಾಕೆ ಕಟ್ಟಿದರು ಎಂದರೆ ಅದು ಬೇಗ ಕರಗುತ್ತದೆ, ಬೇಗ ಹೊತ್ತಿ ಉರಿಯುತ್ತದೆ. ಅಷ್ಟು ಹಳೆಯ ಕಾಲದಿಂದಲೂ ನಮ್ಮವರಿಗೆ ಈ ವಸ್ತುವಿನ ಗುಣ ಗೊತ್ತಿತ್ತು.

ಅರಗು ಮರದ ಅಂಟಲ್ಲ. ಅದು ಒಂದು ಪುಟ್ಟ ಹುಳು ಸುರಿಸುವ ರಸ. ಈ ಹುಳುಗಳು ಮರದ ಎಳೆಯ ಟೊಂಗೆಯ ಮೇಲೆ ಸಾಲಾಗಿ ಕೂತು ರಸ ಹೀರುತ್ತವೆ. ಮೈ ಕಾಪಾಡಿಕೊಳ್ಳಲು ಮೈಯಿಂದ ಒಂದು ರಾಳ ಬಿಡುತ್ತವೆ. ಅದು ಗಾಳಿಗೆ ಗಟ್ಟಿಯಾಗಿ ಟೊಂಗೆಯ ಸುತ್ತ ಹೊದಿಕೆಯಂತೆ ಕಟ್ಟಿಕೊಳ್ಳುತ್ತದೆ. ಲಕ್ಷಗಟ್ಟಲೆ ಹುಳುಗಳು ಒಟ್ಟಿಗೆ ಇರುವುದರಿಂದಲೇ ಸಂಸ್ಕೃತದಲ್ಲಿ 'ಲಾಕ್ಷಾ' ಎಂಬ ಹೆಸರು ಬಂತು ಎಂದು ಹೇಳುವುದುಂಟು. ಹಿಂದಿಯ 'ಲಾಖ್', ಇಂಗ್ಲಿಷಿನ 'ಲ್ಯಾಕ್' ಇದೇ ಮಾತಿನ ಸಂಬಂಧಿಗಳು.

ಈ ಹುಳುವಿಗೆ ಮೂರು ಮರ ಬಹಳ ಇಷ್ಟ. ಮುತ್ತುಗ, ಬೋರೆ, ಸಾಗಡೆ. ಸಾಗಡೆಯನ್ನು ಹಿಂದಿಯಲ್ಲಿ ಕುಸುಮ್ ಎನ್ನುತ್ತಾರೆ. ಮೂರೂ ನಮ್ಮ ಕಾಡಿನಲ್ಲೂ ಬೆಳೆಯುವ ಮರಗಳೇ. ಆದರೆ ದೊಡ್ಡ ಪ್ರಮಾಣದಲ್ಲಿ ಅರಗು ಬೆಳೆಯುವುದು ಜಾರ್ಖಂಡ್, ಛತ್ತೀಸ್‌ಗಢ, ಮಧ್ಯಪ್ರದೇಶ, ಪಶ್ಚಿಮ ಬಂಗಾಳದ ಕಡೆ. ಅಲ್ಲಿನ ಆದಿವಾಸಿ ಕುಟುಂಬಗಳಿಗೆ ಇದು ಕೈಗೆ ಕಾಸು ತರುವ ಬೆಳೆ. ರಾಂಚಿ ಪಕ್ಕದ ನಾಮ್‌ಕುಂ ಎಂಬಲ್ಲಿ ಅರಗಿನ ಸಂಶೋಧನೆಗೆಂದೇ 1924ರಲ್ಲಿ ಒಂದು ಸಂಸ್ಥೆ ಶುರುವಾಯಿತು. ಅಂದರೆ ಆ ಕಾಲಕ್ಕೆ ಅರಗು ಎಂಥ ದೊಡ್ಡ ವ್ಯಾಪಾರವಾಗಿತ್ತು ಎಂದು ಊಹಿಸಿಕೊಳ್ಳಿ.

ಕೆಲಸ ಹೀಗಿದೆ. ಟೊಂಗೆ ಕಡಿದು ಅರಗನ್ನು ಕೆರೆದು ತೆಗೆಯುತ್ತಾರೆ. ಕುಟ್ಟಿ, ನೀರಿನಲ್ಲಿ ತೊಳೆದರೆ ಕೆಂಪು ಬಣ್ಣ ಬಿಟ್ಟು ಕಾಳಿನಂಥ ಅರಗು ಉಳಿಯುತ್ತದೆ. ಅದನ್ನು ಉದ್ದನೆಯ ಬಟ್ಟೆಯ ಚೀಲಕ್ಕೆ ತುಂಬಿ, ಬೆಂಕಿಯ ಎದುರು ಹಿಡಿದು ಹಿಂಡುತ್ತಾರೆ. ಕರಗಿ ಹೊರಬಂದ ಅರಗನ್ನು ಬಿಸಿಯಿರುವಾಗಲೇ ಹಾಳೆಯಂತೆ ಎಳೆಯುತ್ತಾರೆ. ಎಳೆಯಲು ಎರಡು ಕೈ, ಎರಡು ಕಾಲು ಸಾಲದೆ ಹಲ್ಲಿನಲ್ಲೂ ಕಚ್ಚಿ ಹಿಡಿಯುತ್ತಿದ್ದರು. ಆ ಹಾಳೆ ಆರಿದ ಮೇಲೆ ಮುರಿದರೆ ಹಪ್ಪಳದ ಚೂರಿನಂಥ ತುಂಡುಗಳು. ಅದಕ್ಕೇ ಶೆಲ್ಲಾಕ್ ಎಂದು ಹೆಸರು. ಮರಗೆಲಸದವರು ಪಾಲಿಶ್ ಮಾಡಲು ಸ್ಪಿರಿಟ್‌ನಲ್ಲಿ ನೆನೆಹಾಕುವ ಚೂರುಗಳು ಇವೇ.

ಈಗ ಪ್ರಶ್ನೆಗಳಿಗೆ ಬರೋಣ.

ಪ್ರಶ್ನೆ ಒಂದು: ಮೊದಲು ಹಾಡಿದವರು ಯಾರು?

1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ಧ್ವನಿಮುದ್ರಣಕಾರ ಗ್ರಾಮಫೋನ್ ಕಂಪನಿಯ ಪರವಾಗಿ ಕಲ್ಕತ್ತೆಗೆ ಬಂದ. ಹೋಟೆಲ್ ಕೋಣೆಯಲ್ಲೇ ಯಂತ್ರ ಜೋಡಿಸಿಕೊಂಡ. ಆಗ ಮೈಕ್ ಇಲ್ಲ, ಕರೆಂಟ್ ಬೇಕಿಲ್ಲ. ದೊಡ್ಡ ಕೊಳವೆಯ ಬಾಯಿಗೆ ಮುಖ ಕೊಟ್ಟು ಜೋರಾಗಿ ಹಾಡಬೇಕು. ಆ ದನಿಯ ನಡುಕವೇ ಸೂಜಿಯನ್ನು ಅಲುಗಾಡಿಸಿ ಮೇಣದ ಮೇಲೆ ಗೆರೆ ಕೊರೆಯುತ್ತಿತ್ತು.

ನವೆಂಬರ್ 8ರಂದು ಮೊದಲು ಹಾಡಿದವರು ಶಶಿಮುಖಿ ಮತ್ತು ಫಣಿಬಾಲಾ ಎಂಬ ಇಬ್ಬರು ಹೆಣ್ಣುಮಕ್ಕಳು, ಕಲ್ಕತ್ತೆಯ ನಾಟಕ ರಂಗದವರು. ಗೌಹರ್ ಜಾನ್ ಹಾಡಿದ್ದು ಅದಾದ ಕೆಲವು ದಿನಗಳ ಮೇಲೆ.

ಹಾಗಾದರೆ ಪುಸ್ತಕದಲ್ಲಿ ಗೌಹರ್ ಜಾನ್ ಹೆಸರು ಯಾಕಿದೆ? ಆಕೆ ಆ ಕಾಲದ ದೊಡ್ಡ ಹೆಸರು. ಒಂದು ಗಂಟೆ ಹಾಡುವ ರಾಗವನ್ನು ಮೂರು ನಿಮಿಷಕ್ಕೆ ಇಳಿಸುವ ಕಲೆ ಆಕೆಗೆ ಕೂಡಲೇ ಒಲಿಯಿತು. ಆಕೆಯ ಪ್ಲೇಟುಗಳು ದೇಶದ ತುಂಬ ಮಾರಾಟವಾದವು. ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ತಾನೇ ಹೇಳಿಬಿಡುತ್ತಿದ್ದಳು. ಯಾಕೆಂದರೆ ಪ್ಲೇಟು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನವರಿಗೆ ಯಾರ ದನಿ ಯಾವುದು ಎಂದು ಗೊತ್ತಾಗಬೇಕಲ್ಲ. ಹೀಗೆ ಆಕೆಯ ಹೆಸರು ಹಾಡಿನ ಜೊತೆಗೇ ಉಳಿಯಿತು. ಶಶಿಮುಖಿ, ಫಣಿಬಾಲಾ ಉಳಿಯಲಿಲ್ಲ. ಮೊದಲು ಬಂದವರಿಗಿಂತ ಹೆಸರು ಮಾಡಿದವರು ಉತ್ತರಪತ್ರಿಕೆಯಲ್ಲಿ ಕೂರುತ್ತಾರೆ ಎನ್ನುವುದಕ್ಕೆ ಇದೊಂದು ಉದಾಹರಣೆ. ಪರೀಕ್ಷೆಯಲ್ಲಿ ಗೌಹರ್ ಜಾನ್ ಎಂದೇ ಬರೆಯಿರಿ, ಅಂಕ ಬರುತ್ತದೆ. ಇನ್ನಿಬ್ಬರ ಹೆಸರು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಗೌಹರ್ ಜಾನ್‌ಗೂ ನಮ್ಮ ನಾಡಿಗೂ ನಂಟಿದೆ. ಕೊನೆಗಾಲದಲ್ಲಿ ಆಕೆ ಕಷ್ಟಕ್ಕೆ ಬಿದ್ದಿದ್ದಾಗ ಆಶ್ರಯ ಕೊಟ್ಟವರು ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು. 1928ರಲ್ಲಿ ಅರಮನೆಯ ಸಂಗೀತಗಾರ್ತಿಯಾಗಿ ಬಂದ ಆಕೆ 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡಳು. ಕಲ್ಕತ್ತೆಯ ದನಿ ಮೈಸೂರಿನ ಮಣ್ಣಲ್ಲಿ ನಿಂತಿತು.

ಇಲ್ಲಿ ಅರಗು ಎಲ್ಲಿ ಬಂತು? ಆ ಪ್ಲೇಟುಗಳನ್ನು ಗಟ್ಟಿಯಾಗಿ ಹಿಡಿದಿಟ್ಟಿದ್ದೇ ಅರಗು. ಕಲ್ಲಿನ ನುಣ್ಣನೆ ಪುಡಿ, ಹತ್ತಿಯ ನಾರು, ಬಣ್ಣಕ್ಕೆ ಕಾಡಿಗೆಯಂಥ ಮಸಿ, ಇವನ್ನೆಲ್ಲ ಬಿಸಿ ಅರಗಿನಲ್ಲಿ ಕಲಸಿ, ಅಚ್ಚಿನಲ್ಲಿಟ್ಟು ಒತ್ತುತ್ತಿದ್ದರು. ಬಿಸಿ ಇರುವಾಗ ಅರಗು ಮೆತ್ತಗೆ, ಆರಿದ ಮೇಲೆ ಗಟ್ಟಿ. ಕೂದಲೆಳೆಯಂಥ ಗೆರೆಯನ್ನೂ ಅದು ಅಚ್ಚಾಗಿ ಹಿಡಿದಿಟ್ಟುಕೊಳ್ಳುತ್ತದೆ. ಆ ಗುಣಕ್ಕಾಗಿಯೇ ಇಡೀ ಜಗತ್ತು ಅರ್ಧ ಶತಮಾನ ಅರಗಿನ ಮೇಲೆ ಹಾಡು ಕೇಳಿತು. ಆ ಅರಗಿನಲ್ಲಿ ದೊಡ್ಡ ಪಾಲು ಹೋಗುತ್ತಿದ್ದುದು ಭಾರತದಿಂದ.

ಎರಡನೇ ಮಹಾಯುದ್ಧದ ಕಾಲದಲ್ಲಿ ಹಡಗುಗಳ ಓಡಾಟಕ್ಕೆ ತೊಂದರೆಯಾಯಿತು. ಯುದ್ಧದ ಸಾಮಾನಿಗೂ ಅರಗು ಬೇಕಿತ್ತು. 1942ರಲ್ಲಿ ಅಮೆರಿಕ ಸರ್ಕಾರ ಪ್ಲೇಟು ತಯಾರಿಗೆ ಕೊಡುವ ಅರಗನ್ನು ಶೇಕಡಾ 70ರಷ್ಟು ಕಡಿತ ಮಾಡಿತು. ಹೊಸ ಪ್ಲೇಟು ಬೇಕೆಂದರೆ ಹಳೆಯದನ್ನು ತಂದುಕೊಡಿ ಎಂದು ಅಂಗಡಿಯವರು ಕೇಳುವಂತಾಯಿತು. ಛೋಟಾನಾಗಪುರದ ಮುತ್ತುಗದ ಟೊಂಗೆಯ ಮೇಲಿನ ಹುಳು ರಸ ಬಿಟ್ಟರೆ ಮಾತ್ರ ಅಮೆರಿಕದಲ್ಲಿ ಹಾಡು ಎಂಬಂಥ ಸ್ಥಿತಿ.

ಅರಗಿನ ಪ್ಲೇಟಿಗೆ ಕನ್ನಡದ ದನಿಯೂ ಏರಿತು. ಧಾರವಾಡದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಬಾಳಿದ ಗಂಗೂಬಾಯಿ ಹಾನಗಲ್ ಅವರ ಪ್ಲೇಟುಗಳು 1930ರ ದಶಕದಲ್ಲಿ ಎಚ್‌ಎಂವಿಯಿಂದ ಬಂದವು. ಲೇಬಲ್ ಮೇಲೆ ಅವರ ಹೆಸರು ಗಂಗೂಬಾಯಿ ಎಂದಿರಲಿಲ್ಲ, 'ಗಾಂಧಾರಿ' ಎಂದಿತ್ತು. ಕಂಪನಿಯವರಿಗೆ ಗಂಗೂಬಾಯಿ ಎಂಬ ಹೆಸರು ಮಾರಾಟಕ್ಕೆ ಚೆನ್ನಾಗಿಲ್ಲ ಅನ್ನಿಸಿತ್ತು. ಆಮೇಲೆ ಇಡೀ ದೇಶ ನೆನಪಿಟ್ಟುಕೊಂಡದ್ದು ಯಾವ ಹೆಸರನ್ನು ಎಂದು ನಾವು ಹೇಳಬೇಕಿಲ್ಲ. ಹಾನಗಲ್ ಎಂಬ ಸಣ್ಣ ಊರಿನ ಹೆಸರು ಲೋಕಕ್ಕೆ ಗೊತ್ತಾದದ್ದೂ ಅವರಿಂದಲೇ.

ಪ್ರಶ್ನೆ ಎರಡು: ಮೊದಲ ವಾಕ್ಚಿತ್ರ ಯಾವುದು?

ಸತಿ ಸುಲೋಚನಾ ತೆರೆ ಕಂಡದ್ದು 1934ರ ಮಾರ್ಚ್ 3ರಂದು, ಬೆಂಗಳೂರಿನಲ್ಲಿ. ನಿರ್ದೇಶಕ ವೈ.ವಿ. ರಾವ್. ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ಸುಲೋಚನೆಯಾಗಿ ತ್ರಿಪುರಾಂಬ, ರಾವಣನಾಗಿ ಆರ್. ನಾಗೇಂದ್ರರಾಯರು. ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಚಿತ್ರೀಕರಣ ನಡೆದದ್ದು ನಮ್ಮಲ್ಲಿ ಅಲ್ಲ, ಕೊಲ್ಹಾಪುರದ ಸ್ಟುಡಿಯೋದಲ್ಲಿ. ಅದಕ್ಕಿಂತ ಮೊದಲು ಶುರುವಾದದ್ದು 'ಭಕ್ತ ಧ್ರುವ'. ತೆರೆಗೆ ಮೊದಲು ಬಂದದ್ದು ಸುಲೋಚನಾ. ಹಾಗಾಗಿ ಒಂದು ಅಂಕ ಸುಲೋಚನೆಗೆ.

ಆದರೆ ಆ ಒಂದು ಅಂಕದ ಉತ್ತರವನ್ನು ನಾವು ಯಾರೂ ಕಣ್ಣಲ್ಲಿ ನೋಡುವಂತಿಲ್ಲ. ಸತಿ ಸುಲೋಚನಾದ ಒಂದು ಪ್ರತಿಯೂ ಉಳಿದಿಲ್ಲ. ನಮ್ಮ ಭಾಷೆಯ ಮೊದಲ ವಾಕ್ಚಿತ್ರ ನಮ್ಮ ಬಳಿ ಇಲ್ಲ. ಆ ಕಾಲದ ರೀಲು ನೈಟ್ರೇಟ್ ಎಂಬ ರಾಸಾಯನಿಕದಿಂದ ಆದದ್ದು. ಬಿಸಿಗೆ ಹಾಳಾಗುತ್ತದೆ, ಬೆಂಕಿ ತಗುಲಿದರೆ ಅರಗಿನ ಮನೆಯ ಹಾಗೆಯೇ ಹೊತ್ತಿಕೊಳ್ಳುತ್ತದೆ. ಓಡಿ ಮುಗಿದ ಸಿನಿಮಾವನ್ನು ಜೋಪಾನ ಮಾಡಬೇಕು ಎಂಬ ಯೋಚನೆಯೂ ಆಗ ಕಡಿಮೆ. ಭಾರತದ ಎಷ್ಟೋ ಹಳೆಯ ಚಿತ್ರಗಳ ಪಾಡು ಇದೇ ಆಯಿತು. ಪ್ರತಿ ವರ್ಷ ಮಾರ್ಚ್ 3ರಂದು ಕನ್ನಡ ಚಿತ್ರರಂಗದ ಹುಟ್ಟುಹಬ್ಬ ಆಚರಿಸುತ್ತೇವೆ. ಹುಟ್ಟಿದ ಕೂಸಿನ ಗುರುತಿಗೆ ನಮ್ಮ ಹತ್ತಿರ ಇರುವುದು ಕೆಲವು ಫೋಟೋ ಮತ್ತು ಹೆಸರುಗಳ ಪಟ್ಟಿ ಮಾತ್ರ.

ಟಿವಿ ಇಲ್ಲದ ಕಾಲದಲ್ಲಿ ಸಿನಿಮಾ ಟಾಕೀಸಿನಲ್ಲೇ ಮುಗಿದುಹೋಗುತ್ತಿತ್ತು. ಮನೆಗೆ, ಮದುವೆಗೆ, ಜಾತ್ರೆಗೆ ಬರುತ್ತಿದ್ದುದು ಅದರ ಹಾಡು. ಆ ಹಾಡು ಬರುತ್ತಿದ್ದುದು ಅರಗಿನ ಪ್ಲೇಟಿನ ಮೇಲೆ. ನಮ್ಮ ಹಳ್ಳಿಗಳ ಟೂರಿಂಗ್ ಟಾಕೀಸನ್ನು ನೆನಪಿಸಿಕೊಳ್ಳುವ ಹಿರಿಯರನ್ನು ಕೇಳಿ ನೋಡಿ. ಟೆಂಟಿನ ಮೇಲಿನ ಲೌಡ್‌ಸ್ಪೀಕರಿನಲ್ಲಿ ಘಂಟಸಾಲ ಹಾಡಿದ ತಿರುಪತಿ ವೆಂಕಟೇಶನ ಹಾಡು ಬಂತೆಂದರೆ ಆಟ ಶುರುವಾಗುವ ಹೊತ್ತಾಯಿತು ಎಂದೇ ಲೆಕ್ಕ. ಹೊಲದಲ್ಲಿದ್ದವರು ಕೆಲಸ ಬಿಟ್ಟು ಓಡುತ್ತಿದ್ದರು. ಹಾಡು ತೆಲುಗು, ಕೇಳುವವರು ಕನ್ನಡದವರು, ಯಾರಿಗೂ ಅದು ಹೊರಗಿನದು ಅನ್ನಿಸಲಿಲ್ಲ.

ನಮ್ಮ ದೇಶದಲ್ಲಿ ಅರಗಿನ ಪ್ಲೇಟು 1960ರ ದಶಕದಲ್ಲೂ ಬರುತ್ತಿತ್ತು. ಆಮೇಲೆ ಬಳುಕುವ, ಒಡೆಯದ ವಿನೈಲ್ ಬಂತು. ಕ್ಯಾಸೆಟ್ ಬಂತು. ಈಗ ಹಾಡು ಜೇಬಿನಲ್ಲಿರುವ ಫೋನಿನಲ್ಲಿದೆ. ಒಂದು ಸಿನಿಮಾ ಹಾಡು ಮೂರು ನಾಲ್ಕು ನಿಮಿಷ ಇರುವುದು ಯಾಕೆ ಎಂದು ಯಾರಾದರೂ ಕೇಳಿದರೆ ಹೇಳಿ: ಹತ್ತು ಅಂಗುಲದ ಅರಗಿನ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದೇ ಸುಮಾರು ಮೂರು ನಿಮಿಷ. ಪ್ಲೇಟು ಹೋದರೂ ಆ ಅಳತೆ ಬಹುಮಟ್ಟಿಗೆ ಹಾಗೇ ನಿಂತಿತು.

ಪ್ರಶ್ನೆ ಮೂರು: ಗೊಂಬೆಗಳ ಊರು ಯಾವುದು?

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ರಸ್ತೆಯಲ್ಲಿ ಸುಮಾರು 60 ಕಿಲೋಮೀಟರ್ ದೂರಕ್ಕೆ ಚನ್ನಪಟ್ಟಣ. ರಸ್ತೆ ಬದಿಯ ಅಂಗಡಿಗಳಲ್ಲಿ ತೂಗುಹಾಕಿದ ಬಣ್ಣದ ಗೊಂಬೆ, ಮರದ ಕುದುರೆ, ಬುಗುರಿಗಳೇ ಊರು ಬಂತು ಎಂಬ ಗುರುತು.

ಅಲ್ಲಿನ ಗೊಂಬೆಗೆ ಹಾಲೆ ಮರ ಬೇಕು. ಬಿಳಿ, ಮೆತ್ತಗಿನ, ಸೀಳದ ಮರ. ಒಣಗಿಸಿದ ತುಂಡನ್ನು ತಿರುಗುವ ಲೇಥಿಗೆ ಸಿಕ್ಕಿಸಿ ಉಳಿ ಹಿಡಿದು ಆಕಾರ ತೆಗೆಯುತ್ತಾರೆ. ಬಣ್ಣ ಹಚ್ಚಲು ಬ್ರಷ್ ಇಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಆಮೇಲೆ ಕೇದಗೆ ಜಾತಿಯ ಗಿಡದ ಒಣಗರಿ ಹಿಡಿದು ಉಜ್ಜಿದರೆ ಕನ್ನಡಿಯ ಹೊಳಪು. ಅರಿಶಿನದಂಥ ಗಿಡಮೂಲದ ಬಣ್ಣ ಬೆರೆಸಿದ ಗೊಂಬೆಯನ್ನು ಮಗು ಬಾಯಿಗಿಟ್ಟುಕೊಂಡರೂ ತಾಯಿ ಹೆದರಬೇಕಿಲ್ಲ ಎಂಬುದೇ ಈ ಕಸುಬಿನ ಹೆಮ್ಮೆ.

ಪರ್ಷಿಯಾದ ಕುಶಲಕರ್ಮಿಗಳನ್ನು ಟಿಪ್ಪು ಸುಲ್ತಾನ್ ಕರೆಸಿ ಈ ಕೆಲಸ ಕಲಿಸಿದ ಎನ್ನುವ ಮಾತು ಊರಿನಲ್ಲಿ ಬಳಕೆಯಲ್ಲಿದೆ. 20ನೇ ಶತಮಾನದಲ್ಲಿ ಈ ಕಸುಬಿಗೆ ಹೊಸ ಜೀವ ಕೊಟ್ಟವರೆಂದು ನೆನೆಯುವುದು ಬಾವಾಸ್ ಮಿಯಾನ್ ಅವರನ್ನು. ಜಪಾನಿನ ಗೊಂಬೆ ಕೆಲಸವನ್ನು ನೋಡಿಬಂದು ಇಲ್ಲಿಯವರಿಗೆ ಹೊಸ ಕ್ರಮ ಹೇಳಿಕೊಟ್ಟರು ಎನ್ನುತ್ತಾರೆ. ಇಂದು ಚನ್ನಪಟ್ಟಣದ ಗೊಂಬೆಗೆ ಜಿಐ ಮಾನ್ಯತೆ ಇದೆ. ಆಂಧ್ರದ ಏಟಿಕೊಪ್ಪಾಕದಲ್ಲೂ ಇದೇ ಬಗೆಯ ಅರಗಿನ ಗೊಂಬೆ ಮಾಡುತ್ತಾರೆ.

ಇಷ್ಟು ಪುಸ್ತಕದಲ್ಲಿ ಸಿಗುತ್ತದೆ. ಸಿಗದೇ ಇರುವುದು ಇನ್ನೊಂದಿದೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾಯಿತು. ಪ್ರಯಾಣದ ಹೊತ್ತು ಉಳಿಯಿತು. ಆದರೆ ಹೊಸ ರಸ್ತೆ ಊರೊಳಗೆ ಬರುವುದಿಲ್ಲ, ಪಕ್ಕದಲ್ಲೇ ಹಾದುಹೋಗುತ್ತದೆ. ಗೊಂಬೆ ನೋಡಿ ಕಾರು ನಿಲ್ಲಿಸುತ್ತಿದ್ದವರು ಈಗ ನಿಲ್ಲಿಸುವಂತಿಲ್ಲ. ರಸ್ತೆ ಬದಿಯ ಅಂಗಡಿಗಳ ವ್ಯಾಪಾರಕ್ಕೆ ಪೆಟ್ಟು ಬಿತ್ತು. ಅಂಗಡಿಯ ಹಿಂದೆ ಲೇಥಿನ ಮುಂದೆ ಕೂತವರಿಗೂ, ಮನೆಯಲ್ಲಿ ಮಣಿ ಪೋಣಿಸುವ, ಪಾಲಿಶ್ ಮಾಡುವ ಹೆಂಗಸರಿಗೂ ಅದರ ಬಿಸಿ ತಟ್ಟುತ್ತದೆ. ಹಾಲೆ ಮರ ಸಾಲದೆ ರಬ್ಬರ್ ಮರವನ್ನೂ ಬಳಸಬೇಕಾಗಿದೆ. ಅಗ್ಗದ ಪ್ಲಾಸ್ಟಿಕ್ ಗೊಂಬೆಯ ಪೈಪೋಟಿ ಮೊದಲಿಂದಲೂ ಇದ್ದದ್ದೇ.

'ಗೊಂಬೆಗಳ ಊರು ಯಾವುದು' ಎಂಬ ಪ್ರಶ್ನೆ ಮುಂದಿನ ಪರೀಕ್ಷೆಯಲ್ಲೂ ಬರುತ್ತದೆ. ಆ ಉತ್ತರ ನಿಜವಾಗಿ ಉಳಿಯಬೇಕಾದರೆ ಅಲ್ಲಿ ಲೇಥು ತಿರುಗುತ್ತಿರಬೇಕು. ಮೈಸೂರಿಗೆ ಹೋಗುವಾಗ ಒಮ್ಮೆ ಹಳೆಯ ರಸ್ತೆ ಹಿಡಿದರೆ ಅರ್ಧ ಗಂಟೆ ಹೆಚ್ಚಾಗಬಹುದು. ಒಂದು ಮನೆಯ ಒಲೆ ಹೊತ್ತುತ್ತದೆ.

ಪ್ರಶ್ನೆ ನಾಲ್ಕು: ಬೆರಳಿನ ಶಾಯಿ ಎಲ್ಲಿಯದು?

1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಮೈಸೂರಿನಲ್ಲಿ ಒಂದು ಕಾರ್ಖಾನೆ ಶುರುವಾಯಿತು. ಅದರ ಹೆಸರು ಮೈಸೂರು ಲ್ಯಾಕ್ ಅಂಡ್ ಪೇಂಟ್ಸ್. ಲ್ಯಾಕ್ ಎಂದರೆ ಅರಗು. ಸುತ್ತಲಿನ ಕಾಡಿನ ಅರಗನ್ನು ಬಳಸಿಕೊಂಡು ಬಣ್ಣ, ವಾರ್ನಿಶ್ ಮಾಡಬೇಕು, ಜನರಿಗೆ ಕೆಲಸ ಸಿಗಬೇಕು ಎಂಬುದು ಉದ್ದೇಶ. ಗೌಹರ್ ಜಾನ್‌ಗೆ ಆಶ್ರಯ ಕೊಟ್ಟ ಅರಸರೇ ಅರಗಿನ ಕಾರ್ಖಾನೆಗೂ ಕಾರಣರಾದರು.

ಸ್ವಾತಂತ್ರ್ಯದ ನಂತರ ಅದು ಸರ್ಕಾರದ ಉದ್ದಿಮೆಯಾಯಿತು. ಚುನಾವಣೆಯ ಮತಪೆಟ್ಟಿಗೆಗಳಿಗೆ ಮುದ್ರೆ ಒತ್ತಲು ಅಲ್ಲಿನ ಅರಗು ಬಳಕೆಯಾಯಿತು. ಆಮೇಲೆ ಬಂದದ್ದು ಶಾಯಿ. ಒಬ್ಬರು ಎರಡು ಸಲ ಮತ ಹಾಕದಂತೆ ತಡೆಯಬೇಕಿತ್ತು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಅಳಿಸಲಾಗದ ಶಾಯಿಯ ಸೂತ್ರ ಸಿದ್ಧಪಡಿಸಿತು, ತಯಾರಿಸುವ ಕೆಲಸ ಮೈಸೂರಿಗೆ ಬಂತು. 1962ರ ಸಾರ್ವತ್ರಿಕ ಚುನಾವಣೆಯಿಂದ ಈವರೆಗೂ ಅದೇ ಶಾಯಿ. 1989ರಲ್ಲಿ ಕಾರ್ಖಾನೆಯ ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ ಎಂದಾಯಿತು. ಹೆಸರಿನಿಂದ ಅರಗು ಹೋಯಿತು.

ಶಾಯಿಯಲ್ಲಿ ಅರಗಿಲ್ಲ ಎಂಬುದು ನೆನಪಿರಲಿ. ಅದರ ಗುಟ್ಟು ಸಿಲ್ವರ್ ನೈಟ್ರೇಟ್, ಅಂದರೆ ಬೆಳ್ಳಿಯ ಲವಣ. ಅದು ಚರ್ಮದ ಮೇಲಿನ ಉಪ್ಪಿನ ಜೊತೆ ಸೇರಿ, ಬೆಳಕು ಬಿದ್ದಾಗ ಕಪ್ಪಾಗುತ್ತದೆ. ಸೋಪು ಹಚ್ಚಿದರೂ, ಎಣ್ಣೆ ಹಚ್ಚಿದರೂ ಹೋಗುವುದಿಲ್ಲ. ಹಳೆಯ ಚರ್ಮ ಉದುರಿ ಹೊಸದು ಬಂದಾಗ, ಉಗುರು ಬೆಳೆದು ಮುಂದೆ ಸರಿದಾಗ ತಾನಾಗಿ ಹೋಗುತ್ತದೆ. 2024ರ ಲೋಕಸಭಾ ಚುನಾವಣೆಗೆ ಮೈಸೂರಿನಿಂದ 26 ಲಕ್ಷಕ್ಕೂ ಹೆಚ್ಚು ಪುಟ್ಟ ಬಾಟಲಿಗಳು ಹೋದವು. ಹೊರದೇಶಗಳಿಗೂ ಈ ಶಾಯಿ ಹೋಗುತ್ತದೆ.

ಅರಗು ಪೂರ್ತಿ ಹೋಗಿಲ್ಲ. ಮತಗಟ್ಟೆಯ ಸುದ್ದಿಗೆ ಹೋಗುವ ನಾವು ಪ್ರತಿ ಚುನಾವಣೆಯಲ್ಲೂ ನೋಡುತ್ತೇವೆ. ಮತದಾನ ಮುಗಿದ ಮೇಲೆ ಯಂತ್ರದ ಪೆಟ್ಟಿಗೆಗೆ ದಾರ ಕಟ್ಟಿ, ಚೀಟಿ ಹಾಕಿ, ಮೋಂಬತ್ತಿಯ ಉರಿಗೆ ಅರಗು ಕರಗಿಸಿ, ಗಂಟಿನ ಮೇಲೆ ಸುರಿದು ಮುದ್ರೆ ಒತ್ತುತ್ತಾರೆ. ಈಗಿನ ಕಡ್ಡಿಗಳಲ್ಲಿ ಬೇರೆ ರಾಳವೂ ಬೆರೆತಿರುತ್ತದೆ, ಕರೆಯುವುದು ಮಾತ್ರ ಅರಗು ಎಂದೇ. ಮತಯಂತ್ರ ಎಷ್ಟೇ ಹೊಸದಾಗಿದ್ದರೂ 'ಇದನ್ನು ಯಾರೂ ಬಿಚ್ಚಿಲ್ಲ' ಎಂದು ಸಾಕ್ಷಿ ಹೇಳುವುದು ಆ ಹಳೆಯ ಅರಗೇ. ಮುದ್ರೆ ಒಡೆದರೆ ಮತ್ತೆ ಅದೇ ರೀತಿ ಕೂಡಿಸಲು ಬರುವುದಿಲ್ಲ. ಗುಣ ಇಷ್ಟೇ, ಆದರೆ ಅದರ ಮೇಲೆ ಎಷ್ಟೊಂದು ನಂಬಿಕೆ ನಿಂತಿದೆ!

ಮನೆಯಲ್ಲಿರುವ ಅರಗು

ಇನ್ನು ಪುಸ್ತಕದಲ್ಲಿ ಇಲ್ಲದ ಐದನೇ ಪ್ರಶ್ನೆ: ನಿಮ್ಮ ಮನೆಯಲ್ಲಿ ಅರಗು ಎಲ್ಲಿದೆ?

ಕುಡುಗೋಲಿನ ಹಿಡಿಯೊಳಗೆ ಇರಬಹುದು. ತಾಯಿಯ ಬೋರಮಾಳದಲ್ಲಿ, ಅಜ್ಜಿಯ ಗುಂಡಿನ ಸರದಲ್ಲಿ ಖಂಡಿತ ಹುಡುಕಿ. ಒಳಗೆ ಟೊಳ್ಳಾದ ಚಿನ್ನದ ಗುಂಡು ನಜ್ಜುಗುಜ್ಜಾಗದಿರಲಿ ಎಂದು ಅಕ್ಕಸಾಲಿಗರು ಅರಗು ತುಂಬುತ್ತಾರೆ. ಇದರಲ್ಲಿ ಮೋಸವಿಲ್ಲ, ಅದು ಕಸುಬಿನ ಕ್ರಮ. ಆದರೆ ಕೊಳ್ಳುವಾಗ, ಮಾರುವಾಗ, ಅಡವಿಡುವಾಗ ಅರಗಿನ ತೂಕ ಬೇರೆ, ಚಿನ್ನದ ತೂಕ ಬೇರೆ. ಕೊಳ್ಳುವಾಗಲೇ ಎರಡನ್ನೂ ಬಿಲ್ಲಿನಲ್ಲಿ ಬೇರೆ ಬೇರೆ ಬರೆಸಿಕೊಳ್ಳಿ. ಇಲ್ಲದಿದ್ದರೆ ಚಿನ್ನದ ದರ ಕೊಟ್ಟು ಹುಳುವಿನ ರಾಳ ಕೊಂಡಂತೆ ಆಗುತ್ತದೆ. ಮಾರಲು ಹೋದಾಗ ಆ ತೂಕವನ್ನು ಕಳೆಯುತ್ತಾರೆ.

ಅಟ್ಟದ ಮೇಲೆ ಹಳೆಯ ಕಪ್ಪು ಪ್ಲೇಟುಗಳು ಇದ್ದರೆ ಬಿಸಾಡಬೇಡಿ, ಗುಜರಿಗೂ ಹಾಕಬೇಡಿ. ತೂಕವಾಗಿದ್ದು, ಬಳುಕದೆ ಗಟ್ಟಿಯಾಗಿದ್ದರೆ, ಲೇಬಲ್ ಮೇಲೆ 78 ಎಂದಿದ್ದರೆ ಅದು ಬಹುತೇಕ ಅರಗಿನ ಪ್ಲೇಟು. ಬಿಸಿಲಿಗೆ, ಒಲೆಯ ಹತ್ತಿರ ಇಡಬೇಡಿ, ಸೊಟ್ಟಗಾಗುತ್ತದೆ. ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನಿಲ್ಲಿಸಿ. ಮುಖ್ಯವಾಗಿ ಸ್ಪಿರಿಟ್, ಸ್ಯಾನಿಟೈಸರ್ ಹಾಕಿ ಒರೆಸಬೇಡಿ. ಅರಗು ಅದರಲ್ಲಿ ಕರಗುತ್ತದೆ, ಹಾಡು ಅಳಿಸಿಹೋಗುತ್ತದೆ. ಒಣಗಿದ ಮೆತ್ತನೆ ಬಟ್ಟೆ ಸಾಕು. ಲೇಬಲ್ಲಿನ ಫೋಟೋ ತೆಗೆದಿಡಿ. ಅದರಲ್ಲಿ ಹಾಡಿದವರ ಹೆಸರು, ಕಂಪನಿಯ ಹೆಸರು, ನಂಬರು ಇರುತ್ತದೆ. ಆ ನಂಬರಿನಿಂದಲೇ ಸಂಗ್ರಹಕಾರರು ಎಷ್ಟೋ ಮರೆತುಹೋದ ದನಿಗಳ ಜಾಡು ಹಿಡಿದಿದ್ದಾರೆ.

ಯಾರಿಗೆ ಗೊತ್ತು, ಹಳೆಯ ನಾಟಕ ಕಂಪನಿಯ ಒಂದು ಹಾಡೋ, ಹೆಸರೇ ಕೇಳದ ಒಬ್ಬ ಗಾಯಕಿಯ ದನಿಯೋ ನಿಮ್ಮ ಅಟ್ಟದ ಮೇಲೇ ಇರಬಹುದು. ಸತಿ ಸುಲೋಚನಾ ಕಳೆದುಹೋದದ್ದು ಯಾರೋ ಸುಟ್ಟುಹಾಕಿದ್ದರಿಂದಲೇ ಆಗಬೇಕಿಲ್ಲ. ಇದು ಬೇಕಾಗುತ್ತದೆ ಎಂದು ಯಾರಿಗೂ ಅನ್ನಿಸದಿದ್ದರೆ ಸಾಕು, ಎಂಥದ್ದೂ ಕಳೆದುಹೋಗುತ್ತದೆ.

ಪರೀಕ್ಷೆಗೆ ಓದುವ ತಮ್ಮಂದಿರಿಗೆ, ತಂಗಿಯರಿಗೆ ನಮ್ಮದೊಂದು ಮಾತು. ಒಂದು ಅಂಕದ ಉತ್ತರವನ್ನು ಬಾಯಿಪಾಠ ಮಾಡಿ, ಅದು ಬೇಕು. ಜೊತೆಗೆ ಮೂರು ಪ್ರಶ್ನೆ ಸೇರಿಸಿಕೊಳ್ಳಿ. ಅದು ಯಾವುದರಿಂದ ಆಯಿತು? ಯಾರ ಕೈ ಕೆಲಸ ಮಾಡಿತು? ಈಗ ಎಲ್ಲಿದೆ? ಈ ಮೂರಕ್ಕೆ ಉತ್ತರ ಹುಡುಕಿದರೆ ಶಶಿಮುಖಿ ಸಿಗುತ್ತಾಳೆ, ಫಣಿಬಾಲಾ ಸಿಗುತ್ತಾಳೆ. ಬೆಂಕಿಯ ಮುಂದೆ ಕೂತು ಹಲ್ಲಿನಲ್ಲಿ ಅರಗಿನ ಹಾಳೆ ಎಳೆದವರು, ಚನ್ನಪಟ್ಟಣದಲ್ಲಿ ಗರಿ ಹಿಡಿದು ಹೊಳಪು ತಂದವರು ಸಿಗುತ್ತಾರೆ. ಇವರಾರ ಹೆಸರಿಗೂ ಅಂಕವಿಲ್ಲ. ಅಂಕ ಸಿಗುವ ಹೆಸರುಗಳು ಮಾತ್ರ ಅವರ ಕೈಕೆಲಸದ ಮೇಲೆಯೇ ನಿಂತಿವೆ.

ಈ ವಾರ ಊರಿನ ಹಿರಿಯರೊಬ್ಬರನ್ನು ಕೇಳಿ: ಪ್ಲೇಟು ಹಾಕುವ ಪೆಟ್ಟಿಗೆ ಊರಿಗೆ ಮೊದಲು ಬಂದದ್ದು ಯಾರ ಮನೆಗೆ? ಯಾವ ಹಾಡು ಕೇಳಿದಿರಿ? ಟೂರಿಂಗ್ ಟಾಕೀಸ್ ಎಲ್ಲಿ ಟೆಂಟು ಹಾಕುತ್ತಿತ್ತು? ಈ ಪ್ರಶ್ನೆಗಳು ಯಾವ ಪುಸ್ತಕದಲ್ಲೂ ಇಲ್ಲ. ಉತ್ತರ ಅವರ ಬಳಿ ಮಾತ್ರ ಇದೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಹೆಸರು, ಊರು, ದಿನಾಂಕ ಹೇಳಿಸಿ. ಗೌಹರ್ ಜಾನ್ ಹಾಡಿನ ಕೊನೆಗೆ ಹೇಳುತ್ತಿದ್ದಳಲ್ಲ, ಹಾಗೆ.